ಅಲ್ಮಾನ್ಸಾಕ್ಕೆ ಹೋಗದ ಕ್ಯಾಪ್ಟನ್

2005ರ ಏಪ್ರಿಲ್ 9, ಶನಿವಾರ ಸಂಜೆ, ಅಮೆರಿಕದ ಡೆಟ್ರಾಯಿಟ್ ಹತ್ತಿರದ ರಾಚೆಸ್ಟರ್ ಹಿಲ್ಸ್‌ನ ಒಂದು ಶಾಲೆಯ ಕೆಫೆಟೇರಿಯಾದಲ್ಲಿ ಯುಗಾದಿ ಊಟಕ್ಕೆ ಸೇರಿದ್ದ ಕನ್ನಡಿಗರ ಮುಂದೆ ಒಬ್ಬ ಇಂಜಿನಿಯರ್ ತಾವು ಬರೆದ ಇಂಗ್ಲಿಷ್ ಪುಸ್ತಕದ ಆರನೇ ಅಧ್ಯಾಯವನ್ನು ಓದಿದರು. ಪುಸ್ತಕ ಇನ್ನೂ ಅಚ್ಚಾಗಿರಲಿಲ್ಲ. ಓದು ಹದಿನೆಂಟು ನಿಮಿಷ ನಡೆಯಿತು. ಆ ಅಧ್ಯಾಯದಲ್ಲಿ ಹೇಳಿದ್ದು ಯಾವುದೂ ನಡೆದಿಲ್ಲ ಎಂಬುದು ಆಗ ಆ ಕೋಣೆಯಲ್ಲಿ ಮೂವರಿಗೆ ಗೊತ್ತಿತ್ತು: ನನಗೆ, ನನ್ನ ಹೆಂಡತಿಗೆ, ಶಿಕಾಗೋ ಕಡೆಯ ಹಾಫ್‌ಮನ್ ಎಸ್ಟೇಟ್ಸ್‌ನಿಂದ ಬಂದಿದ್ದ ನನ್ನ ಷಡ್ಡಕನಿಗೆ. ಓದುತ್ತಿದ್ದವರಿಗೆ ಗೊತ್ತಿರಲಿಲ್ಲ.

ಅವರು ಚಿತ್ರದುರ್ಗದ ಕಡೆಯವರು, ಮುಸ್ಲಿಮರು. ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಗುಣಮಟ್ಟ ವಿಭಾಗದ ಇಂಜಿನಿಯರ್. ನಮ್ಮ ಕನ್ನಡ ಬಳಗದ ಹಬ್ಬಗಳಿಗೆ ಹೆಂಡತಿ, ಮಗಳ ಜೊತೆ ತಪ್ಪದೆ ಬರುತ್ತಿದ್ದರು. ಊಟಕ್ಕೆ ಯಾರ ಮನೆಯಿಂದ ಏನು ಬರಬೇಕೆಂದು ಒಂದು ಪಟ್ಟಿ ಓಡಾಡುತ್ತಿತ್ತು. ಒಬ್ಬರಿಗೆ ಹೋಳಿಗೆ, ಒಬ್ಬರಿಗೆ ಚಿತ್ರಾನ್ನ, ಒಬ್ಬರಿಗೆ ಕೋಸಂಬರಿ. ಅವರ ಮನೆಯ ಮುಂದೆ ಪ್ರತಿ ವರ್ಷವೂ ಪೇಪರ್ ಪ್ಲೇಟು ಮತ್ತು ಐಸ್ ಎಂದಿರುತ್ತಿತ್ತು. ನಾನು ಆ ಪಟ್ಟಿಯನ್ನು ಎರಡು ವರ್ಷ ಟೈಪ್ ಮಾಡಿದ್ದೇನೆ. ಬದಲಾಯಿಸಲಿಲ್ಲ.

1998ರ ಬೇಸಿಗೆಯಲ್ಲಿ ಅವರು ಡೆಟ್ರಾಯಿಟ್‌ನ ಪೂರ್ವಕ್ಕೆ, ಸರೋವರದ ದಂಡೆಯ ಒಂದು ಹಳೆಯ ಮನೆಯ ಎಸ್ಟೇಟ್ ಸೇಲ್‌ಗೆ ಹೋಗಿದ್ದರು. ಮನೆಯ ಯಜಮಾನ ತೀರಿಕೊಂಡ ಮೇಲೆ ಒಳಗಿನ ಸಾಮಾನನ್ನೆಲ್ಲ ಮಾರುವ ಸಂತೆ ಅದು. ಅವರು ಹೋದದ್ದು ಡ್ರಿಲ್ ಮೆಷಿನ್ ಹುಡುಕಿಕೊಂಡು. ಉಪಕರಣಗಳ ಪೆಟ್ಟಿಗೆಯ ತಳದಲ್ಲಿ ಚರ್ಮದ ಹೊದಿಕೆಯ ಒಂದು ದಪ್ಪ ಪುಸ್ತಕ ಸಿಕ್ಕಿತು. ಅದು ಹದಿನೆಂಟನೆಯ ಶತಮಾನದ ಮೊದಲ ವರ್ಷಗಳ ಒಬ್ಬ ಇಂಗ್ಲಿಷ್ ಸೇನಾಧಿಕಾರಿಯ ಪತ್ರಪುಸ್ತಕ. ತಾನು ಕಳುಹಿಸಿದ ಪ್ರತಿಯೊಂದು ಪತ್ರದ ನಕಲನ್ನು ಅವನು ಅದರಲ್ಲಿ ಬರೆದಿಟ್ಟುಕೊಂಡಿದ್ದ.

ಅಧಿಕಾರಿಯ ವೃತ್ತಿಜೀವನವನ್ನು ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸಬಹುದು. ಹದಿನಾರನೇ ವಯಸ್ಸಿಗೆ ಚಿಕ್ಕಪ್ಪ ಅವನಿಗೆ ಸೈನ್ಯದಲ್ಲಿ ಒಂದು ಹುದ್ದೆ ಕೊಂಡುಕೊಟ್ಟ. ಆ ಕಾಲದಲ್ಲಿ ಹುದ್ದೆಗಳು ಮಾರಾಟಕ್ಕಿದ್ದವು. ಫ್ಲಾಂಡರ್ಸ್‌ನಲ್ಲಿ ಎರಡು ವರ್ಷ ಕೆಸರು ತುಳಿದು ಲೆಫ್ಟಿನೆಂಟ್ ಆದ. 1708ರಲ್ಲಿ, ಸ್ಪೇನಿನ ಅಲ್ಮಾನ್ಸಾ ಕದನದಲ್ಲಿ ಗಾಯಗೊಂಡವನೆಂದು ಅರ್ಜಿ ಹಾಕಿ ಕ್ಯಾಪ್ಟನ್ ಆದ. ಯುದ್ಧ ಮುಗಿದ ಮೇಲೆ ಅರ್ಧ ಸಂಬಳದ ಮೇಲೆ ಮನೆಗೆ ಹೋಗಿ, ಕೊನೆಗೆ ಒಂದು ದ್ವೀಪದ ಕೋಟೆಯಲ್ಲಿ ಜ್ವರ ಬಂದು ಸತ್ತ.

ತಕರಾರು ಇದ್ದದ್ದು ಅಲ್ಮಾನ್ಸಾದ ವಿಷಯದಲ್ಲಿ. 1707ರ ಏಪ್ರಿಲ್ ಮಧ್ಯದಲ್ಲಿ ಇಂಗ್ಲಿಷರ ಕಡೆಯವರು ಅಲ್ಲಿ ಹೀನಾಯವಾಗಿ ಸೋತರು. ಸೈನ್ಯದ ಪಟ್ಟಿಯಲ್ಲಿದ್ದಷ್ಟು ಜನ ಕಣದಲ್ಲಿ ಇರಲೇ ಇಲ್ಲ ಎಂದು ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಗದ್ದಲವಾಯಿತು. ಎಷ್ಟೋ ಅಧಿಕಾರಿಗಳು ಊರಲ್ಲೇ ಉಳಿದಿದ್ದರು. ನಮ್ಮ ಲೆಫ್ಟಿನೆಂಟ್‌ನ ಹೆಸರಿನ ಮುಂದೆಯೂ ರೆಜಿಮೆಂಟಿನ ಒಂದು ಪಟ್ಟಿಯಲ್ಲಿ ‘ಗೈರು’ ಎಂದಿತ್ತು. ಇಂಜಿನಿಯರ್ ಅದರ ಮೈಕ್ರೋಫಿಲ್ಮ್ ತರಿಸಿ ನೋಡಿದರು. ಕೈಯಲ್ಲಿದ್ದ ಪತ್ರಗಳು ಬೇರೆಯದೇ ಹೇಳುತ್ತವೆ ಎಂದು ಅವರಿಗೆ ಅನಿಸಿತು. ಅಲ್ಲಿಂದ ಏಳು ವರ್ಷ ಅವರ ಸಂಜೆಗಳು ಅದಕ್ಕೇ ಹೋದವು.

ಬಳಗದವರು ಅವರಿಗೆ ‘ಕ್ಯಾಪ್ಟನ್ ಸಾಹೇಬ್ರು’ ಎಂದು ಹೆಸರಿಟ್ಟರು. ಎದುರಿಗೇ ಕರೆಯುತ್ತಿದ್ದರು.

“ಸಾಹೇಬ್ರೇ, ಆ ಇಂಗ್ಲಿಷ್‌ನೋನು ನಿಮಗೇನಾಗ್ಬೇಕು? ಬೀಗರಾ?” ಎಂದು ಒಬ್ಬರು ಒಮ್ಮೆ ಕೇಳಿದರು.

“ಏನೂ ಆಗ್ಬೇಕಿಲ್ಲ ಅಂಕಲ್. ಅವನ ಮೇಲೆ ಸುಳ್ಳು ದೂರು ಬಿದ್ದಿದೆ. ಸಾಕ್ಷಿ ಕಾಗದ ನನ್ ಕೈಗೆ ಸಿಕ್ಕಿದೆ. ಸುಮ್ನೆ ಇರಕ್ಕೆ ಆಗುತ್ತಾ?”

“ಟಿಪ್ಪೂ ಸುಲ್ತಾನ್ ಮೇಲೂ ಇಂಗ್ಲಿಷ್‌ನೋರು ಬೇಕಾದಷ್ಟು ದೂರು ಹೇಳವ್ರೆ. ಅದನ್ನ ನೋಡಿ ಮೊದ್ಲು.”

ಎಲ್ಲರೂ ನಕ್ಕರು. ಅವರೂ ನಕ್ಕರು.

2001ರ ಚಳಿಗಾಲದಲ್ಲಿ ಅವರು ಗ್ರಂಥಾಲಯದ ಮೇಜಿನ ಮೇಲೆ ಸ್ಪೇನಿನ ಕೋಟೆಗಳ ನಕ್ಷೆ ಹರಡಿಕೊಂಡು ಕೂತಿದ್ದಾಗ ಯಾರೋ ಪೊಲೀಸರಿಗೆ ಫೋನ್ ಮಾಡಿದರು. ಅದನ್ನೂ ಅವರು ತಮಾಷೆಯಾಗಿಯೇ ಹೇಳಿದರು. “ಮುನ್ನೂರು ವರ್ಷ ಹಳೇ ಯುದ್ಧ, ಆಫೀಸರ್, ಅಂದೆ. ಅದ್ರಲ್ಲಿ ನೀವು ಯಾರ ಕಡೆ, ಅಂತ ಕೇಳಿದ.”

ನಾನು ಬೆಂಗಳೂರಿನ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿ ಈ ದೇಶಕ್ಕೆ ಬಂದವನು. ಇಲ್ಲಿ ಶಿಕಾಗೋದ ಒಂದು ಸಣ್ಣ ಪ್ರಕಾಶನಕ್ಕೆ ಮನೆಯಿಂದಲೇ ಹಸ್ತಪ್ರತಿಗಳ ಸತ್ಯಾಂಶ ಪರಿಶೀಲಿಸುತ್ತಿದ್ದೆ. ಹೆಸರು, ಊರು, ತಾರೀಖು, ದೂರ ಸರಿಯಿದೆಯೇ ಎಂದು ನೋಡುವ ಕೆಲಸ. 2003ರಲ್ಲಿ ಇಂಜಿನಿಯರ್ ಅವರನ್ನು ಆ ಪ್ರಕಾಶನದ ಸಂಪಾದಕಿಗೆ ಪರಿಚಯಿಸಿದ್ದು ನಾನೇ. ಮೊದಲ ಮೂರು ಅಧ್ಯಾಯ ಓದಿ ಆಕೆ ಒಪ್ಪಿಕೊಂಡರು.

ಮರುವರ್ಷ ಅವರ ಕಂಪನಿ ಗುಣಮಟ್ಟ ವಿಭಾಗವನ್ನು ಎಲ್ಕ್ ಗ್ರೋವ್ ವಿಲೇಜಿಗೆ ಸಾಗಿಸಿತು. ಶಿಕಾಗೋದ ವಿಮಾನ ನಿಲ್ದಾಣದ ಪಕ್ಕದ ಕೈಗಾರಿಕಾ ಪ್ರದೇಶ ಅದು. ಇಲ್ಲಿಂದ ಐದು ಗಂಟೆಯ ಡ್ರೈವ್. ಹೋಗುವವರಿಗೆ ಕೆಲಸ ಉಳಿಯುತ್ತಿತ್ತು. ಅವರು ಹೋಗಲಿಲ್ಲ. ಕೆಲಸ ಬಿಟ್ಟು ಒಂದು ವರ್ಷ ಕೂತು ಪುಸ್ತಕ ಮುಗಿಸುತ್ತೇನೆ ಎಂದರು. ಅವರ ಹೆಂಡತಿ ಒಪ್ಪಿದ್ದು ಒಂದು ಷರತ್ತಿನ ಮೇಲೆ. ಆ ಷರತ್ತನ್ನು ಆಕೆ ನಮ್ಮ ಮನೆಯಲ್ಲಿ, ನಮ್ಮಿಬ್ಬರ ಎದುರಿಗೇ ಹೇಳಿದ್ದರು.

“ಒಂದೇ ವರ್ಷ. ಪುಸ್ತಕ ನನ್ ಕೈಗೆ ಬರ್ಬೇಕು, ಇವರ ಹೆಸರು ಅದರ ಮೇಲಿರ್ಬೇಕು. ಬರ್ಲಿಲ್ಲ ಅಂದ್ರೆ ಮನೆ ಮಾರೋದು, ಕಂಪನಿಯೋರು ಕೊಟ್ಟ ಕೆಲಸಕ್ಕೆ ಹೋಗೋದು. ಆಮೇಲೆ ಆ ಸತ್ತೋನ ಸುದ್ದಿ ಮನೇಲಿ ಎತ್ತಂಗಿಲ್ಲ. ನೀವೇ ಸಾಕ್ಷಿ ಅಣ್ಣಾ.”

ಅವರು ಹನ್ನೊಂದು ತಿಂಗಳಲ್ಲಿ ಮುಗಿಸಿದರು. 2005ರ ಮಾರ್ಚ್‌ನಲ್ಲಿ ಪೂರ್ತಿ ಹಸ್ತಪ್ರತಿ ಅಂಚೆಯಲ್ಲಿ ನನ್ನ ಮೇಜಿಗೆ ಬಂತು. ಪರಿಚಯವಿದ್ದವರ ಪುಸ್ತಕ, ಬೇರೆಯವರಿಗೆ ಕೊಡಿ ಎಂದು ಸಂಪಾದಕಿಗೆ ತಿಳಿಸಿದೆ. ಬೇರೆ ಯಾರೂ ಇಲ್ಲ, ನೀವೇ ನೋಡಿ ಎಂದರು.

ಕೆಲಸ ಶುದ್ಧವಾಗಿತ್ತು. ಯಂತ್ರದ ಭಾಗಗಳನ್ನು ಅಳೆಯುವ ಮನುಷ್ಯ ಪತ್ರಗಳನ್ನೂ ಅಳೆದಿದ್ದರು. ಪ್ರತಿ ಪತ್ರದ ತಾರೀಖು, ಊರು, ಪತ್ರಪುಸ್ತಕದಲ್ಲಿ ಅದು ಇರುವ ಪುಟ, ಎಲ್ಲ ಒಂದು ಎಕ್ಸೆಲ್ ಕೋಷ್ಟಕದಲ್ಲಿತ್ತು. ಆ ಕಾಲದ ಇಂಗ್ಲೆಂಡಿನ ಪಂಚಾಂಗ ಯೂರೋಪಿನದಕ್ಕಿಂತ ಹನ್ನೊಂದು ದಿನ ಹಿಂದಿತ್ತು ಎಂಬುದೂ ಅವರಿಗೆ ಗೊತ್ತಿತ್ತು. ಇನ್ನೂರಕ್ಕೂ ಹೆಚ್ಚು ಪತ್ರಗಳಿಗೆ ಹನ್ನೊಂದು ದಿನ ಕೂಡಿಸಿದ್ದರು. ಒಂದೂ ತಪ್ಪಿರಲಿಲ್ಲ.

ಅವರ ವಾದ ಮೂರು ಪತ್ರಗಳ ಮೇಲೆ ನಿಂತಿತ್ತು. ಮೊದಲನೆಯದು ಲಂಡನ್ನಿನದು, 1706ರ ಮಾರ್ಚ್ 10: ಬಾಡಿಗೆ ಕುದುರೆಯಿಂದ ಬಿದ್ದು ಎಡಗೈ ಜೋಲಿಯಲ್ಲಿದೆ, ಏಪ್ರಿಲ್ ಮುಗಿಯುವವರೆಗೆ ಊರು ಬಿಡಲಾರೆ ಎಂದು ಅಣ್ಣನಿಗೆ ಬರೆದದ್ದು. ಎರಡನೆಯದೂ ಲಂಡನ್ನಿನದು, 1706ರ ನವೆಂಬರ್: ಸ್ಪೇನಿಗೆ ಹೋಗಿ ರೆಜಿಮೆಂಟ್ ಸೇರಲು ಆಜ್ಞೆ ಬಂದಿದೆ. ಮೂರನೆಯದು ಸ್ಪೇನಿನ ಅಲಿಕಾಂಟೆ ಬಂದರಿನಿಂದ, 1707ರ ಜೂನ್: ಕೈ ಇನ್ನೂ ಮೇಲೇಳುವುದಿಲ್ಲ. ನವೆಂಬರಿಗೂ ಜೂನಿಗೂ ನಡುವೆ ಏಳು ತಿಂಗಳು ಪತ್ರವಿಲ್ಲ. ಕದನ ನಡೆದದ್ದು ಆ ಏಳು ತಿಂಗಳಲ್ಲಿ. ಆರನೇ ಅಧ್ಯಾಯದ ಹೆಸರು ‘ಏಳು ಮೌನದ ತಿಂಗಳು’. ಹಡಗು, ಬಿಸಿಲು, ನಡಿಗೆ, ಕದನ, ಗಾಯ ಎಲ್ಲವನ್ನೂ ಅವರು ಅದರಲ್ಲಿ ಬೇರೆ ಅಧಿಕಾರಿಗಳ ದಿನಚರಿಗಳ ಆಧಾರದಿಂದ ಕಟ್ಟಿದ್ದರು. ಒಂದು ಸಾಲು ಹೀಗಿತ್ತು: ಹಿಂದಿನ ವರ್ಷ ಕುದುರೆಯಿಂದ ಬಿದ್ದಾಗ ಪೆಟ್ಟಾದ ಅದೇ ದುರದೃಷ್ಟದ ಕೈಗೆ ಈ ಬಾರಿ ಗುಂಡು ತಗುಲಿತು.

ನಾನು ತಡೆದು ನಿಂತದ್ದು ಪುಟಸಂಖ್ಯೆಯ ಹತ್ತಿರ. ಅವರೇ ಕೊಟ್ಟ ಕೋಷ್ಟಕದಲ್ಲಿ ನವೆಂಬರ್ ಪತ್ರ 43 ಮತ್ತು 44ನೇ ಪುಟದಲ್ಲಿತ್ತು. ಮಾರ್ಚ್ ಪತ್ರ ಅದೇ 44ನೇ ಪುಟದ ಕೆಳಭಾಗದಲ್ಲಿ ಶುರುವಾಗುತ್ತಿತ್ತು. ಮೊದಲು ಬರೆದ ಪತ್ರ ನಂತರ ಬರೆದ ಪತ್ರದ ಕೆಳಗೆ ಬರುವುದು ಹೇಗೆ? ಅವರು ಅದಕ್ಕೊಂದು ಅಡಿಟಿಪ್ಪಣಿ ಹಾಕಿದ್ದರು: ಅಧಿಕಾರಿ ಕೆಲವು ಪತ್ರಗಳನ್ನು ತಡವಾಗಿ, ಕ್ರಮ ತಪ್ಪಿ ನಕಲು ಮಾಡಿಕೊಂಡಂತೆ ಕಾಣುತ್ತದೆ, ಇಲ್ಲಿ ತಾರೀಖಿನ ಪ್ರಕಾರ ಸರಿಪಡಿಸಲಾಗಿದೆ.

ಆ ಕಾಲದ ಇಂಗ್ಲೆಂಡಿನಲ್ಲಿ ವರ್ಷ ಬದಲಾಗುತ್ತಿದ್ದದ್ದು ಜನವರಿ ಒಂದಕ್ಕಲ್ಲ, ಮಾರ್ಚ್ 25ಕ್ಕೆ. ಡಿಸೆಂಬರ್ ಕಳೆದು ಜನವರಿ ಬಂದರೂ ಅವರ ದಾಖಲೆಗಳಲ್ಲಿ ಹಳೆಯ ವರ್ಷವೇ ಮುಂದುವರಿಯುತ್ತಿತ್ತು. ಅಂದರೆ ಅವನು 1706ರ ಮಾರ್ಚ್ 10 ಎಂದು ಬರೆದದ್ದು ನಮ್ಮ ಲೆಕ್ಕದ 1707ರ ಮಾರ್ಚ್. ಮಾರ್ಚ್ ಪತ್ರ ನವೆಂಬರ್ ಪತ್ರದ ನಂತರದ್ದು. ಪತ್ರಪುಸ್ತಕದ ಕ್ರಮ ಸರಿಯಾಗಿಯೇ ಇತ್ತು. ನವೆಂಬರಿನಲ್ಲಿ ಆಜ್ಞೆ ಪಡೆದವನು ನಾಲ್ಕು ತಿಂಗಳ ನಂತರವೂ ಲಂಡನ್ನಿನಲ್ಲೇ ಇದ್ದ, ಕುದುರೆಯಿಂದ ಬಿದ್ದ, ಏಪ್ರಿಲ್ ಮುಗಿಯುವವರೆಗೆ ಹೊರಡಲಾರೆ ಎಂದ. ಏಪ್ರಿಲ್ ಮಧ್ಯದಲ್ಲಿ ಅವನ ರೆಜಿಮೆಂಟ್ ಅಲ್ಮಾನ್ಸಾದಲ್ಲಿ ನಾಶವಾಯಿತು. ಅವನು ಅಲಿಕಾಂಟೆಗೆ ಹೋಗಿ ಇಳಿದದ್ದು ಆಮೇಲೆ. ಬಾಡಿಗೆ ಕುದುರೆ ಮುರಿದ ಕೈಯನ್ನು ತೋರಿಸಿ ಅವನು ಕ್ಯಾಪ್ಟನ್ ಆದ.

ಎರಡು ದಿನ ಬೇರೆ ಪತ್ರಗಳ ಜೊತೆ ಹೋಲಿಸಿ ನೋಡಿದೆ. ಜನವರಿಯಿಂದ ಮಾರ್ಚ್‌ವರೆಗಿನ ಎಲ್ಲ ಪತ್ರಗಳೂ ಹಾಗೆಯೇ, ಹಳೆಯ ವರ್ಷದ ಹೆಸರಿನಲ್ಲೇ ಇದ್ದವು. ಮಾರ್ಚ್ 31ರಂದು ಸಂಪಾದಕಿಗೆ ಒಂದು ಪುಟದ ವರದಿ ಕಳುಹಿಸಿದೆ.

ಪರಿಶೀಲಕ ಲೇಖಕರ ಜೊತೆ ನೇರವಾಗಿ ಮಾತಾಡಬಾರದೆಂಬುದು ಪ್ರಕಾಶನದ ನಿಯಮ. ಲೇಖಕರಿಗೆ ನಾವೇ ಬರೆಯುತ್ತೇವೆ ಎಂದು ಆಕೆ ಉತ್ತರಿಸಿದರು. ನಾನು ಇಂಜಿನಿಯರ್ ಅವರಿಗೆ ಹೇಳಲಿಲ್ಲ. ಅವರ ಮನೆ ನಮ್ಮ ಮನೆಯಿಂದ ಒಂದೂವರೆ ಮೈಲಿ. ಹೆಂಡತಿಗೆ ಹೇಳಿದೆ. ಅವಳು ಫೋನಿನಲ್ಲಿ ಅಕ್ಕನಿಗೆ ಹೇಳಿದಳು. ಅಕ್ಕನ ಗಂಡ, ಅಂದರೆ ನನ್ನ ಷಡ್ಡಕ, ಯುಗಾದಿಗೆ ನಮ್ಮಲ್ಲಿಗೆ ಬರುವವನಿದ್ದ.

ಏಪ್ರಿಲ್ 9ರವರೆಗೆ ಪ್ರಕಾಶನದ ಪತ್ರ ಅವರಿಗೆ ತಲುಪಿರಲಿಲ್ಲ. ಪುಸ್ತಕ ಒಪ್ಪಿಗೆಯಾಗಿದೆ ಎಂಬ ಸಂತೋಷಕ್ಕೆ ಬಳಗದ ಕಾರ್ಯದರ್ಶಿ ಅವರಿಗೆ ಊಟಕ್ಕೆ ಮುಂಚಿನ ಹೊತ್ತು ಕೊಟ್ಟಿದ್ದರು. ಕೋಟು ಹಾಕಿಕೊಂಡು ಬಂದಿದ್ದರು. ಹದಿನೇಳು ವರ್ಷದ ಮಗಳು ಲ್ಯಾಪ್‌ಟಾಪ್ ಹಿಡಿದು ಪರದೆಯ ಮೇಲೆ ಪತ್ರಗಳ ಚಿತ್ರ ತೋರಿಸುತ್ತಿದ್ದಳು. ಹೆಂಡತಿ ಮೊದಲ ಸಾಲಿನಲ್ಲಿದ್ದರು. ನಾನು ನಾಲ್ಕನೇ ಸಾಲಿನಲ್ಲಿದ್ದೆ. ಅವರು ಚೆನ್ನಾಗಿ ಓದಿದರು. ಕದನದ ಭಾಗ ಬಂದಾಗ ಗದ್ದಲ ಮಾಡುತ್ತಿದ್ದ ಹುಡುಗರೂ ಸುಮ್ಮನಾದರು. ಚಪ್ಪಾಳೆ ಬಿತ್ತು.

ಪ್ರಶ್ನೆ ಇದ್ದರೆ ಕೇಳಬಹುದು ಎಂದು ಕಾರ್ಯದರ್ಶಿ ಅಂದರು. ಷಡ್ಡಕ ಕೈ ಎತ್ತಿದ.

“ಸಾಹೇಬ್ರೇ, ಒಂದ್ ಸಣ್ಣ ಡೌಟು. ನಿಮ್ಮ ಕ್ಯಾಪ್ಟನ್‌ಗೆ ಯುಗಾದಿ ಯಾವತ್ತು?”

ಜನ ನಕ್ಕರು. ಇಂಜಿನಿಯರ್ ಕೂಡ ನಕ್ಕು, “ಅವರಿಗೆ ಯುಗಾದಿ ಎಲ್ಲಿ ಸರ್, ಕ್ರಿಸ್ಮಸ್ಸು” ಎಂದರು.

“ಅಲ್ಲಲ್ಲ. ಹೊಸ ವರ್ಷ ಯಾವತ್ತು ಅಂತ ಕೇಳ್ತಿದೀನಿ. ಜನವರಿ ಒಂದಾ, ಮಾರ್ಚ್ ಇಪ್ಪತ್ತೈದಾ?”

ಇಂಜಿನಿಯರ್ ಕೈಯಲ್ಲಿದ್ದ ಹಾಳೆಗಳನ್ನು ಹಿಂದಕ್ಕೆ ತಿರುಗಿಸಿದರು.

“ಅವರ ಕಾಲದಲ್ಲಿ ಮಾರ್ಚ್ ಇಪ್ಪತ್ತೈದಂತೆ. ನಮ್ಮ ಹಾಗೇನೇ, ಯುಗಾದಿ ಆಸುಪಾಸು. ಹಂಗಾದ್ರೆ ಅವನು ಕುದುರೆಯಿಂದ ಬಿದ್ದಿದ್ದು ಯಾವ ವರ್ಷ ಆಯ್ತು? ಸ್ವಲ್ಪ ಆ ಕಾಗದ ಹಾಕಮ್ಮ ಪರದೆ ಮೇಲೆ.”

ಮಗಳು ತಂದೆಯ ಮುಖ ನೋಡಿದಳು. ಅವರು ಹಾಕು ಎಂದರು. 44ನೇ ಪುಟ ಪರದೆಯ ಮೇಲೆ ಬಂತು. ಮೇಲೆ ನವೆಂಬರ್, ಕೆಳಗೆ ಮಾರ್ಚ್. ಅವರು ಪರದೆಯ ಹತ್ತಿರ ಹೋಗಿ ನಿಂತರು. ಪ್ರೊಜೆಕ್ಟರಿನ ಬೆಳಕಿನಲ್ಲಿ ಅವರ ಕೋಟಿನ ಬೆನ್ನಿನ ಮೇಲೆ ಅಕ್ಷರಗಳು ಬಿದ್ದಿದ್ದವು. ಪುಟವನ್ನು ಮೇಲಿನಿಂದ ಕೆಳಕ್ಕೆ ಒಮ್ಮೆ ಓದಿದರು. ಅವರಿಗೆ ವಿವರಿಸಿ ಹೇಳಬೇಕಾಗಿರಲಿಲ್ಲ.

“ಅಂದ್ರೆ ಕುದುರೆ ಮೇಲಿಂದ ಬಿದ್ದೋನಿಗೆ ಏಳು ವರ್ಷ ಮೆಡಲ್ ಮಾಡಿಸ್ತಿದ್ರಾ ಸಾಹೇಬ್ರೇ?” ಎಂದು ಹಿಂದಿನಿಂದ ಯಾರೋ ಅಂದರು. ಈ ಸಲ ನಗು ದೊಡ್ಡದಾಗಿತ್ತು.

ಅವರು ಈ ಕಡೆ ತಿರುಗಿದರು. “ತಾರೀಖಿನ ಪ್ರಕಾರ ಸಾರ್ಟ್ ಮಾಡಿದ್ದು ಇವಳು” ಎಂದರು. ಕೈ ಮಗಳ ಕಡೆ ತೋರಿಸುತ್ತಿತ್ತು. “ಶೀಟು ಇವಳು ಮಾಡಿದ್ದು. ಪುಟದ ಪ್ರಕಾರ ಇದ್ದಿದ್ದನ್ನ ಇವಳು ಬದಲಾಯಿಸಿದ್ದು.”

ಆ ಕೋಷ್ಟಕ ಮಾಡಿದಾಗ ಅವಳಿಗೆ ಹನ್ನೆರಡು ವರ್ಷ. ಹಸ್ತಪ್ರತಿಯ ಕೃತಜ್ಞತೆಯ ಪುಟದಲ್ಲಿ ಅದಕ್ಕಾಗಿ ಅವಳಿಗೆ ಧನ್ಯವಾದ ಹೇಳಿದ್ದರು. ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಪರದೆ ನೀಲಿಯಾಯಿತು. “ಅಬ್ಬಾ, ಐ ವಾಸ್ ಟ್ವೆಲ್ವ್” ಎಂದು ತಂದೆಗೆ ಹೇಳಿದಳು. ಜೋರಾಗಿ ಹೇಳಲಿಲ್ಲ. ಮೈಕು ಪಕ್ಕದಲ್ಲಿತ್ತು, ಎಲ್ಲರಿಗೂ ಕೇಳಿಸಿತು.

ಅವರ ಹೆಂಡತಿ ಎದ್ದು ಬಂದು ಮಗಳ ಪಕ್ಕ ನಿಂತರು. ಗಂಡನ ಕಡೆ ನೋಡಲಿಲ್ಲ.

“ಊಟ ತಣ್ಣಗಾಗ್ತಿದೆ, ಎಲ್ಲರೂ ಪ್ಲೇಟ್ ತಗೊಳ್ಳಿ” ಎಂದು ಕಾರ್ಯದರ್ಶಿ ಮೈಕಿನಲ್ಲಿ ಹೇಳಿದರು. ಜನ ಎದ್ದು ಸಾಲು ನಿಂತರು. ಇಂಜಿನಿಯರ್ ನನ್ನ ಹತ್ತಿರ ಬಂದರು.

“ಸರ್, ನಿಮ್ಮ ಷಡ್ಡಕರು ಕಂಪ್ಯೂಟರ್ ಕೆಲಸದೋರು. ಅವರಿಗೆ ಇದು ಹೆಂಗೆ ಗೊತ್ತಾಯ್ತು?”

ನಾನು ಪ್ಲೇಟುಗಳ ಸಾಲಿನ ಕಡೆ ನೋಡಿದೆ.

“ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಯಾವತ್ತಿಂದ?”

“ಒಂಬತ್ತು ದಿನ ಆಯ್ತು. ಪ್ರಕಾಶನದ ನಿಯಮ ಇದೆ, ಲೇಖಕರಿಗೆ ನಾವು ಹೇಳೋ ಹಾಗಿಲ್ಲ.”

“ಷಡ್ಡಕರಿಗೆ ಹೇಳ್ಬಹುದಾ?”

ಅವರು ಉತ್ತರಕ್ಕೆ ಕಾಯಲಿಲ್ಲ. ಮೂವರೂ ಊಟ ಮಾಡದೆ ಹೋದರು. ವಾಪಸು ಹೋಗುವಾಗ ಕಾರಿನಲ್ಲಿ ಷಡ್ಡಕ, “ಅಷ್ಟೊಂದು ಹರ್ಟ್ ಆಗ್ತಾರೆ ಅಂದ್ಕೊಂಡಿರ್ಲಿಲ್ಲ ಕಣಯ್ಯ, ಸ್ಪೋರ್ಟಿವ್ ಮನುಷ್ಯ ಅಲ್ವಾ” ಎಂದ.

ಪ್ರಕಾಶನದ ಪತ್ರ ಮಂಗಳವಾರ ಅವರಿಗೆ ತಲುಪಿತು. ಅದರಲ್ಲಿ ಪುಸ್ತಕ ಬೇಡ ಎಂದಿರಲಿಲ್ಲ. ಆರನೇ ಅಧ್ಯಾಯ ತೆಗೆದು, ಅಧಿಕಾರಿ ಗೈರಾಗಿದ್ದ, ಸುಳ್ಳು ಗಾಯ ತೋರಿಸಿ ಬಡ್ತಿ ಪಡೆದ ಎಂದು ಬರೆದುಕೊಟ್ಟರೆ ಪುಸ್ತಕ ಮೊದಲಿಗಿಂತ ಚೆನ್ನಾಗಿ ಹೋಗುತ್ತದೆ ಎಂದು ಸಂಪಾದಕಿ ಬರೆದಿದ್ದರು. ಆರು ತಿಂಗಳ ಗಡುವು ಕೊಟ್ಟಿದ್ದರು. ಅದರ ಪ್ರತಿ ನನಗೂ ಬಂತು.

ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಅವರು ನಮ್ಮ ಮನೆಗೆ ಬಂದರು. ಒಳಗೆ ಕರೆದೆ. ಬರಲಿಲ್ಲ. ಗ್ಯಾರೇಜಿನ ಮುಂದೆಯೇ ನಿಂತು ಮಾತಾಡಿದರು.

“ಅವನು ಮೋಸಗಾರ ಅಂತ ಬರೀರಿ, ಛಾಪಿಸ್ತೀವಿ ಅಂತಾರೆ.”

“ಅದು ನಿಜ ತಾನೆ?”

“ನಿಜಾನೇ. ನಾನೂ ಎಲ್ಲಾ ಮತ್ತೆ ಚೆಕ್ ಮಾಡ್ದೆ. ನೀವು ಬರೆದಿರೋದು ಒಂದಕ್ಷರ ತಪ್ಪಿಲ್ಲ.” ಜೇಬಿನಿಂದ ಕಾರಿನ ಕೀಲಿ ತೆಗೆದರು. “ಏಳು ವರ್ಷ ಅವನ ಕಡೆ ವಕೀಲಿ ಮಾಡಿದೀನಿ ಸರ್. ಈಗ ನಾನೇ ಹೋಗಿ ಅವನ ಮೇಲೆ ಸಾಕ್ಷಿ ಹೇಳ್ಬೇಕಾ?”

“ಹೇಳಿದ್ರೆ ಪುಸ್ತಕ ಬರುತ್ತೆ. ಮನೆಯವರಿಗೆ ಕೊಟ್ಟ ಮಾತೂ ಉಳಿಯುತ್ತೆ.”

“ಉಳಿಯುತ್ತೆ.” ಕಾರಿನ ಬೀಗ ತೆಗೆದರು. “ನೀವಾಗಿದ್ರೆ ಬರೀತಿದ್ರಾ?”

“ಬರೀತಿದ್ದೆ.”

“ಹೂಂ” ಎಂದು ಹೋದರು. ನಮ್ಮಿಬ್ಬರ ನಡುವೆ ನಡೆದ ಕೊನೆಯ ಮಾತು ಅದು.

ಅವರು ಗಡುವಿನೊಳಗೆ ಏನೂ ಕಳುಹಿಸಲಿಲ್ಲ. 2006ರ ಬೇಸಿಗೆಯಲ್ಲಿ ಮನೆ ಮಾರಿದರು. ಹಳೆಯ ಕಂಪನಿ ಅವರನ್ನು ಎಲ್ಕ್ ಗ್ರೋವ್ ವಿಲೇಜಿನ ಗೋದಾಮಿನಲ್ಲಿ ಬಂದ ಸರಕನ್ನು ತಪಾಸಣೆ ಮಾಡುವ ಕೆಲಸಕ್ಕೆ ತೆಗೆದುಕೊಂಡಿತು. ಹಿಂದೆ ಅವರ ಕೈಕೆಳಗಿದ್ದವರು ಮಾಡುತ್ತಿದ್ದ ಕೆಲಸ ಅದು. ಬಳಗದ ಪಟ್ಟಿಯಲ್ಲಿ ಪೇಪರ್ ಪ್ಲೇಟು ಮತ್ತು ಐಸ್ ಆ ವರ್ಷ ಹೊಸದಾಗಿ ಮದುವೆಯಾಗಿ ಬಂದ ಒಂದು ಜೋಡಿಯ ಪಾಲಿಗೆ ಬಂತು.

ಸಂಪಾದಕಿ ಅವರಿಗೆ ಮತ್ತೆ ಪತ್ರ ಬರೆದರು: ನೀವು ಬರೆಯದಿದ್ದರೆ, ನಿಮ್ಮ ಪತ್ರಗಳ ನಕಲು ಮತ್ತು ಕೋಷ್ಟಕವನ್ನು ಬಳಸಿ ಬೇರೆಯವರು ಬರೆಯಲು ಅನುಮತಿ ಕೊಡುತ್ತೀರಾ? ಅವರು ಹತ್ತು ದಿನದಲ್ಲಿ ಒಪ್ಪಿಗೆ ಕಳುಹಿಸಿದರು. ಜೊತೆಗೆ ಏಳು ವರ್ಷದ ಕಾಗದಗಳೆಲ್ಲ ಎರಡು ಪೆಟ್ಟಿಗೆಗಳಲ್ಲಿ ಬಂದವು. ಪ್ರತಿ ಕಟ್ಟಿಗೂ ಚೀಟಿ ಅಂಟಿಸಿತ್ತು, ಕೋಷ್ಟಕವನ್ನು ಪುಟದ ಕ್ರಮಕ್ಕೆ ಮರಳಿ ಜೋಡಿಸಿತ್ತು. ಒಪ್ಪಿಗೆಯ ಕೆಳಗೆ ಕೈಬರಹದಲ್ಲಿ ಒಂದು ಷರತ್ತು: ನನ್ನ ಹೆಸರು, ನನ್ನ ಮಗಳ ಹೆಸರು ಪುಸ್ತಕದಲ್ಲಿ ಎಲ್ಲಿಯೂ ಬರಬಾರದು.

ಸಂಪಾದಕಿ ಬರೆಯಲು ಕೇಳಿದ್ದು ನನ್ನನ್ನು. ಹದಿನಾಲ್ಕು ತಿಂಗಳು ಹಿಡಿಯಿತು. ಅವರ ಮೊದಲ ಐದು ಅಧ್ಯಾಯಗಳ ಸಂಗತಿಗಳಲ್ಲಿ ಬದಲಿಸಬೇಕಾದ್ದು ಬಹಳ ಇರಲಿಲ್ಲ.

ಪುಸ್ತಕ 2008ರ ಅಕ್ಟೋಬರಿನಲ್ಲಿ ನನ್ನ ಹೆಸರಿನಲ್ಲಿ ಹೊರಬಂತು. ಒಂದು ಪ್ರತಿಯನ್ನು ಎಲ್ಕ್ ಗ್ರೋವ್ ವಿಲೇಜಿನ ಅವರ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆ. ನವೆಂಬರಿನ ಎರಡನೇ ವಾರ ಸ್ವೀಕೃತಿ ಚೀಟಿ ಮರಳಿ ಬಂತು. ಸಹಿ ಮಗಳದ್ದು.